ಭಾವನಿಗೆ ಚಾರ್ಜ್ ಕೊಟ್ಟರು

ಇಷ್ಟು ವರ್ಷ ಇಂಗ್ಲಿಷ್ ಪಾಠ ಮಾಡಿದವಳು ಹೀಗೆ ಹೇಳಬಾರದು, ಆದರೂ ಹೇಳಿಬಿಡುತ್ತೇನೆ. ಇಂಗ್ಲಿಷಿನ ಉದ್ದುದ್ದ ಪದಗಳಿಗೆ ನಾನು ಎಂದೂ ಹೆದರಿದವಳಲ್ಲ. ನನ್ನ ಬೆವರಿಳಿಸಿದ್ದು ‘ಚಾರ್ಜ್’ ಎಂಬ ಪುಟ್ಟ ಪದ. ಅದನ್ನು ಇಂಗ್ಲಿಷ್ ಎನ್ನುವುದೂ ಕಷ್ಟ. ಶಿವಮೊಗ್ಗದಲ್ಲಿ ಓದು ಬಾರದವರೂ ಬಸ್ ಚಾರ್ಜ್ ಜಾಸ್ತಿಯಾಯಿತೆಂದು ಗೊಣಗುತ್ತಾರೆ, ಎಲ್ಲೋ ಲಾಠಿ ಚಾರ್ಜ್ ಆಯಿತಂತೆ ಎಂದು ದನಿ ತಗ್ಗಿಸುತ್ತಾರೆ, ಕರೆಂಟು ಹೋದಾಗ ಎಮರ್ಜೆನ್ಸಿ ಲೈಟಿನಲ್ಲಿ ಚಾರ್ಜ್ ಇಲ್ಲವೆಂದು ಮನೆಯವರ ಮೇಲೆ ರೇಗುತ್ತಾರೆ. ನಮ್ಮ ಶಾಲೆಯಲ್ಲಿ ಹೆಡ್‌ಮಾಸ್ಟರು ರಜೆ ಹಾಕಿದರೆ ಹಿರಿಯ ಮೇಷ್ಟ್ರೊಬ್ಬರು ಇನ್‌ಚಾರ್ಜ್ ಆಗುತ್ತಿದ್ದರು. ಆ ಎರಡು ದಿನ ಅವರು ಕೆಮ್ಮುವ ರೀತಿಯೇ ಬೇರೆ.

ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲ. ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಪಕ್ಕದ ಮನೆಯ ಶಾಂತಕ್ಕ ಕಾಂಪೌಂಡಿನ ಆಚೆಯಿಂದ ಕರೆದರು. ನಮಗೆ ಆಗ ಫೋನ್ ಇರಲಿಲ್ಲ, ಬರುವ ಸುದ್ದಿಯೆಲ್ಲ ಅವರ ಮನೆಗೇ ಬರುತ್ತಿತ್ತು.

“ಭದ್ರಾವತಿಯಿಂದ ನಿಮ್ಮಕ್ಕ ಫೋನ್ ಮಾಡಿದ್ರು ಕಣೆ. ನಿಮ್ಮ ಭಾವನಿಗೆ ಚಾರ್ಜ್ ಕೊಟ್ರಂತೆ. ಇಂಗ್ಲಿಷಲ್ಲಿ ಏನೋ ಕಾಗದ ಬಂದಿದೆಯಂತೆ, ಬೇಗ ಬಾ ಅಂದ್ರು. ಅಷ್ಟರಲ್ಲಿ ಲೈನ್ ಕಟ್ ಆಯ್ತು.”

ನಾನು ಕೆಟ್ಟದ್ದನ್ನೇ ಊಹಿಸಿದೆ. ಅದಕ್ಕೆ ಕಾರಣವಿತ್ತು. ಭಾವ ರುದ್ರಪ್ಪ ಕುಂಸಿ ಕಡೆಯವರು. ಭದ್ರಾವತಿಯ ಒಂದು ಸಣ್ಣ ಖಾಸಗಿ ಫೌಂಡ್ರಿಯಲ್ಲಿ ಗುಜರಿ ಕಬ್ಬಿಣ ಕರಗಿಸುವ ಕುಲುಮೆಯ ಮುಂದೆ ಹದಿನಾರು ವರ್ಷ ನಿಂತವರು. ಹಿಂದಿನ ವಾರ ಮಳೆಯಲ್ಲಿ ನೆನೆದ ಗುಜರಿ ಬಂದಿತ್ತು. ಒದ್ದೆ ಮಾಲು ಕಾದ ಲೋಹಕ್ಕೆ ಬಿದ್ದರೆ ಸಿಡಿದು ಎದುರಿಗಿದ್ದವರ ಮೈಮೇಲೆ ಬರುತ್ತದೆ. ಹಾಕಿ ಎಂದ ಸೂಪರ್‌ವೈಸರನ ಎದುರಿಗೆ ಭಾವ ಕೈಕಟ್ಟಿ ನಿಂತು, ಇಡೀ ದಿನ ಕೆಲಸ ನಿಲ್ಲಿಸಿಬಿಟ್ಟಿದ್ದರು. ಸೂಪರ್‌ವೈಸರ್ “ನಿಂಗೆ ಕಾಗದ ಬರುತ್ತೆ ನೋಡ್ತಿರು” ಎಂದಿದ್ದನಂತೆ. ಈಗ ಕಾಗದ ಬಂದಿದೆ. ಚಾರ್ಜ್ ಎಂದರೆ ಇನ್ನೇನು, ಚಾರ್ಜ್‌ಶೀಟು.

“ಕೆಲಸ ಹೋಗಿಬಿಡುತ್ತಾ?” ಎಂದು ಅಮ್ಮ ಕೇಳಿದಳು.

“ನಾನಿಲ್ವಾ? ಉತ್ತರ ಬರೆದುಕೊಡ್ತೀನಿ” ಎಂದೆ. ಭಯದ ಜೊತೆಗೆ ನನ್ನೊಳಗೆ ಒಂದು ಉತ್ಸಾಹವೂ ಎದ್ದಿತ್ತು, ಒಪ್ಪಿಕೊಳ್ಳುತ್ತೇನೆ. ನನ್ನ ಇಂಗ್ಲಿಷು ಒಬ್ಬ ಮನುಷ್ಯನನ್ನು ಉಳಿಸುವ ಸಂದರ್ಭ ಅಲ್ಲಿಯವರೆಗೆ ಬಂದಿರಲಿಲ್ಲ. ಇಟ್ಟಿಗೆಯಂಥ ನಿಘಂಟನ್ನು ಚೀಲಕ್ಕೆ ತುರುಕಿಕೊಂಡು ಭದ್ರಾವತಿ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ನಿಘಂಟು ತೆರೆದರೆ ಚಾರ್ಜ್ ಒಂದೇ ಪದ ಎರಡು ಅಂಕಣ ನುಂಗಿ ಕೂತಿತ್ತು. ಆರೋಪ, ಆಕ್ರಮಣ, ದರ, ಹೊಣೆ, ವಿದ್ಯುತ್ತು, ಕೋವಿಗೆ ತುಂಬುವ ಮದ್ದು. ನಾನು ಆರೋಪವನ್ನು ಹಿಡಿದು ಅದರ ನೆಂಟರಿಷ್ಟರನ್ನೆಲ್ಲ ಕರೆದೆ: ಅಲಿಗೇಶನ್, ಅಕ್ಯುಸೇಶನ್, ಇಂಡೈಟ್‌ಮೆಂಟ್. ಅವಕ್ಕೆ ಎದುರಾಗಿ ಬೇಸ್‌ಲೆಸ್, ಗ್ರೌಂಡ್‌ಲೆಸ್, ಅನ್‌ಟೆನಬಲ್. ನೋಟ್‌ಬುಕ್ಕಿನ ಹಾಳೆಯ ಮೇಲೆ ಒಂದು ಸಾಲು ಬರೆಯುವುದು, ಅದಕ್ಕಿಂತ ಖಾರವಾದ ಪದ ಹೊಳೆದೊಡನೆ ಹೊಡೆದುಹಾಕುವುದು. ‘ನನ್ನ ಮೇಲಿನ ಚಾರ್ಜನ್ನು’ ಎಂದು ಮೂರನೆಯ ಸಲ ಶುರುಮಾಡಿದಾಗ ಕಿವಿಯ ಹತ್ತಿರ ಯಾರೋ “ಚಾರ್ಜ್ ಕೊಡಿ ಮೇಡಂ” ಎಂದರು. ಬೆಚ್ಚಿಬಿದ್ದು ನೋಡಿದರೆ ಕಂಡಕ್ಟರು.

ಹೊಸಮನೆ ಬಡಾವಣೆಯ ಅಕ್ಕನ ಮನೆ ಮುಟ್ಟುವಾಗ ಒಂದೂವರೆ ಪುಟ ಸಿದ್ಧವಾಗಿತ್ತು. ಬಾಗಿಲಲ್ಲಿ ಕೇಸರಿಬಾತಿನ ಪರಿಮಳ. ಪಾಪ, ಧೈರ್ಯ ತಂದುಕೊಳ್ಳುತ್ತಿದ್ದಾಳೆ ಅಂದುಕೊಂಡೆ.

“ಎಷ್ಟು ದಿನ ಟೈಮ್ ಕೊಟ್ಟಿದಾರೆ ಅಕ್ಕ?”

“ಟೈಮ್ ಎಲ್ಲಿ ಮಾರಾಯ್ತಿ. ಸೋಮವಾರದಿಂದಲೇ ಅಂತೆ.”

“ಭಾವ ಹೇಗಿದಾರೆ?”

“ಬೆಳಿಗ್ಗೆಯಿಂದ ಮಾತೇ ಇಲ್ಲ. ಸುಮ್ನೆ ಕಾಗದ ತಿರುಗಿಸಿ ತಿರುಗಿಸಿ ನೋಡ್ತಾರೆ. ಮಾಲೀಕರು ಕರೆದು ಕೈಗೇ ಕೊಟ್ರಂತೆ. ನಂಗೆ ಕೈಕಾಲೇ ಆಡ್ತಿಲ್ಲ. ನೀನು ಓದಿ ಹೇಳೋವರೆಗೂ ಯಾರಿಗೂ ಹೇಳ್ಬಾರ್ದು ಅಂತಿದೀನಿ.”

ಭಾವ ಒಳಗಿನಿಂದ ಬಂದು ಕಾಗದ ಕೊಟ್ಟರು. ನಾಲ್ಕೇ ಸಾಲು. ಮೊದಲ ಸಲ ಓದಿದಾಗ ನನ್ನ ತಲೆಗೆ ಏರಲಿಲ್ಲ, ಏಕೆಂದರೆ ನಾನು ಬೇರೆ ಕಾಗದ ಓದಲು ಬಂದಿದ್ದೆ. ಎರಡನೆಯ ಸಲ ಕನ್ನಡ ಮಾಡಿ ಗಟ್ಟಿಯಾಗಿ ಓದಿದೆ. ಒದ್ದೆ ಮಾಲನ್ನು ತಡೆದು ಕೆಲಸಗಾರರ ಜೀವ ಕಾಪಾಡಿದ್ದನ್ನು ಮೆಚ್ಚಿ, ರುದ್ರಪ್ಪನವರನ್ನು ಕುಲುಮೆ ವಿಭಾಗದ ಇನ್‌ಚಾರ್ಜ್ ಮಾಡಲಾಗಿದೆ.

ನಾನು ಅಲ್ಲೇ ಕುಳಿತು ನಗತೊಡಗಿದೆ. ಅಕ್ಕನಿಗೆ ಗಾಬರಿಯಾಯಿತು. ಬಸ್ಸಿನಲ್ಲಿ ಬರೆದದ್ದನ್ನು ತೆಗೆದು ಅರ್ಥ ಹೇಳಿದಾಗ ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಆ ನೀರಿನಲ್ಲಿ ಸ್ವಲ್ಪ ಅಳುವೂ ಇತ್ತು. ಭಾವ ಮಾತ್ರ ಗೋಡೆಗೆ ಒರಗಿ ನಿಂತೇ ಇದ್ದರು.

“ಯಾಕೆ ಭಾವ, ಖುಷಿ ಇಲ್ವಾ?”

“ಇದೆಯಮ್ಮ. ಆದ್ರೆ ಇಷ್ಟು ದಿನ ಚಾರ್ಜ್ ಅಂದ್ರೆ ನಮಗೆ ಕುಲುಮೆಗೆ ಹಾಕೋ ಮಾಲು. ಇಷ್ಟು ಗುಜರಿ, ಇಷ್ಟು ಬೀಡುಕಬ್ಬಿಣ ಅಂತ ಲೆಕ್ಕ ಹಾಕಿ ತುಂಬ್ತಿದ್ವಿ. ಈಗ ನನ್ನ ಮೇಲೇ ತುಂಬಿದಾರೆ.”

ನಾನು ನಿಘಂಟು ತೆಗೆದೆ. ಪದದ ಮೂಲ ಬರೆದಿರುವ ಸಣ್ಣಕ್ಷರದ ಸಾಲನ್ನು ಬಸ್ಸಿನಲ್ಲಿ ನಾನು ನೋಡಿಯೇ ಇರಲಿಲ್ಲ. ಲ್ಯಾಟಿನ್ನಿನಲ್ಲಿ ಅದರ ಮೂಲ ಮಾತಿಗೆ ಗಾಡಿಗೆ ಹೊರೆ ಹೇರುವುದು ಎಂದರ್ಥ. ಆರೋಪವೂ ಹೊರೆ, ಹೊಣೆಯೂ ಹೊರೆ, ಕೊಡಬೇಕಾದ ದುಡ್ಡೂ ಹೊರೆ, ಬ್ಯಾಟರಿಯೊಳಗೆ ತುಂಬಿಕೊಂಡದ್ದೂ ಹೊರೆಯೇ. ನಾನು ಎರಡು ಅಂಕಣ ಓದಿ ತಪ್ಪಾಗಿ ತಿಳಿದದ್ದನ್ನು, ಭಾವ ಕುಲುಮೆಯ ಮುಂದೆ ನಿಂತೇ ಸರಿಯಾಗಿ ತಿಳಿದಿದ್ದರು. ಅದನ್ನು ಹೇಳಿದೆ. ಅವರು ಮೊದಲ ಸಲ ನಕ್ಕರು, “ಹಾಗಾದ್ರೆ ಬುಕ್ಕೂ ನಮ್ಮ ಕಡೆಗೇ ಇದೆ” ಎಂದು ಕೂತು, ಅಕ್ಕ ತಂದಿಟ್ಟ ತಟ್ಟೆ ಎಳೆದುಕೊಂಡರು.

ಕೇಸರಿಬಾತು ಮುಗಿದ ಮೇಲೆ ಮಾಲೀಕರಿಗೆ ಉತ್ತರ ಬರೆಯಬೇಕೆಂದಾಯಿತು. ನನಗೆ ಮತ್ತೆ ಹುರುಪು. ಗ್ರೇಟ್‌ಫುಲ್, ಇಂಡೆಟೆಡ್, ಆನರ್ಡ್ ಎಂದು ಪದಗಳು ಸಾಲುಗಟ್ಟಿ ಬಂದವು. ಭಾವ ಕೈ ಅಡ್ಡ ಹಿಡಿದರು.

“ಅವೆಲ್ಲ ಬೇಡ. ಥ್ಯಾಂಕ್ಸ್ ಅಂತ ಒಂದು ಬರಿ. ಆಮೇಲೆ, ಒದ್ದೆ ಮಾಲು ಬಂದ್ರೆ ಮತ್ತೂ ನಿಲ್ಲಿಸ್ತೀನಿ ಅಂತ ಬರಿ. ಮೊದಲೇ ಹೇಳಿಬಿಡೋದು ಒಳ್ಳೇದು.”

“ಅದನ್ನ ಸ್ವಲ್ಪ ನಯವಾಗಿ ಬರೀಲಾ?”

“ನಯ ಮಾಡಿದ್ರೆ ಅವ್ರಿಗೆ ಬೇರೆ ಥರ ಅರ್ಥ ಆದೀತು.”

ಪ್ರೈಮರಿ ಮಕ್ಕಳಿಗೂ ತಿಳಿಯುವ ಪದಗಳಲ್ಲಿ ಎರಡು ಸಾಲು ಬರೆದೆ. ಗಾಳಿಗೆ ಹಾರದಂತೆ ಕಾಗದದ ಮೇಲೆ ನಿಘಂಟನ್ನು ಮುಚ್ಚಿ ಇಟ್ಟೆ. ಇಂಗ್ಲಿಷಿನಲ್ಲಿ ಒಂದೇ ಒಂದು ಅರ್ಥವಿರುವ ವಾಕ್ಯವನ್ನು ನಾನು ಬರೆದದ್ದು ಅದೇ ಮೊದಲು.