ಒಂದೇ ಡಬ್ಬಿಗೆ ಬಿದ್ದ ಎರಡು ಬಾಟಲಿ ಮಾತ್ರೆ

ಮಕ್ಕಳೇ, ಕೊರೋನಾ ಕಳೆದು ಬಸ್ಸುಗಳು ಮೊದಲಿನಂತೆ ಓಡತೊಡಗಿದ ವರ್ಷ ನಾನು ಒಂದು ಆಸ್ಪತ್ರೆಯ ಔಷಧ ಪರೀಕ್ಷೆಯಲ್ಲಿ ಫೀಲ್ಡ್ ವರ್ಕರ್ ಆಗಿದ್ದೆ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಸಿಕ್ಕಿದ ಕೆಲಸ ಅದು. ಊರಿನ ಶಾಲೆಯಲ್ಲಿ ಏಳನೆಯವರೆಗೆ ಕಲಿತವಳು ನಾನು. ನಾಲ್ಕು ಜನ ಕೂತಲ್ಲಿ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಹೆಂಗಸರ ಜೊತೆ ಅಡುಗೆಮನೆಯಲ್ಲಿ ಕೂತು ಮಾತಾಡಲು ಮಾತ್ರ ಬರುತ್ತಿತ್ತು. ಅಷ್ಟು ಸಾಕು ಎಂದು ಪರೀಕ್ಷೆ ನಡೆಸುವ ಡಾಕ್ಟರು ಸೇರಿಸಿಕೊಂಡರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳಿಗೆ ಹೋಗಿ ಮಾತ್ರೆ ಕೊಡುವುದು, ಉಳಿದದ್ದನ್ನು ಎಣಿಸುವುದು ನನ್ನ ಕೆಲಸ.

ನೋವಿಗೆಂದು ದಿನವೂ ಮಾತ್ರೆ ನುಂಗುವವರ ಹೊಟ್ಟೆಯ ಒಳಪದರ ಆಮ್ಲಕ್ಕೆ ಸಿಕ್ಕಿ ಹುಣ್ಣಾಗುತ್ತದೆ. ಕೆಲವರಿಗೆ ಒಳಗೇ ರಕ್ತ ಸೋರುತ್ತದೆ. ಆಮ್ಲ ತಗ್ಗಿಸುವ ಮಾತ್ರೆ ಮೊದಲೇ ಇತ್ತು. ಈಗ ಹೊಸದೊಂದು ಬಂದಿತ್ತು. ಹೊಟ್ಟೆಯನ್ನು ಯಾವುದು ಚೆನ್ನಾಗಿ ಕಾಯುತ್ತದೆ ಎಂದು ನೋಡುವುದೇ ಈ ಪರೀಕ್ಷೆ, ಟ್ರಯಲ್ ಅನ್ನುತ್ತಾರೆ. ಕೆಲವರಿಗೆ ಹಳೆಯದು, ಕೆಲವರಿಗೆ ಹೊಸದು. ನೋಡಲು ಎರಡೂ ಒಂದೇ. ಯಾರಿಗೆ ಯಾವುದೆಂದು ನನಗೂ ಡಾಕ್ಟರಿಗೂ ಗೊತ್ತಿರಬಾರದು. ಕೊನೆಗೆ ಎಂಡೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಸಪೂರ ಕೊಳವೆಯನ್ನು ಬಾಯಿಯ ಮೂಲಕ ಇಳಿಸಿ ಒಳಗೆ ನೋಡುತ್ತಾರೆ.

ಪಾಣೆಮಂಗಳೂರಿನ ಐಸಮ್ಮ ಮತ್ತು ಲೀಲಾ ಬೀಡಿ ಕಟ್ಟುವವರು, ಅಕ್ಕಪಕ್ಕದ ಮನೆಯವರು. ಬಗ್ಗಿ ಕೂತು ಇಬ್ಬರಿಗೂ ಸೊಂಟ ನೋವು. ಐಸಮ್ಮ ಹಿಂದೊಮ್ಮೆ ಹುಣ್ಣಿನಿಂದ ರಕ್ತ ಹೋಗಿ ಆಸ್ಪತ್ರೆ ಸೇರಿದ್ದಳು. ನೋವಿನ ಮಾತ್ರೆ ಬಿಟ್ಟರೆ ಬೀಡಿ ಕಟ್ಟಲಾಗದು, ನುಂಗಿದರೆ ಹೊಟ್ಟೆಯ ಭಯ. ಈ ಟ್ರಯಲ್ ಅವಳಿಗೆ ದೊಡ್ಡ ಆಸರೆಯಾಗಿತ್ತು.

ಒಂದು ದಿನ ನಾನು ಹೋದಾಗ ಐಸಮ್ಮ ಜಗಲಿಯಿಂದಲೇ ಕೂಗಿದಳು: "ಲೀಲಾ, ನಮ್ಮ ಡಬ್ಬಿ ತಾ ಮಾರಾಯ್ತಿ, ಅಕ್ಕ ಬಂದ್ರು."

ಲೀಲಾ ಬಿಸ್ಕತ್ತಿನ ಡಬ್ಬಿ ತಂದಿಟ್ಟಳು. ತುಂಬ ಮಾತ್ರೆ.

"ಇದೆಂತದು? ಬಾಟಲಿ ಎಲ್ಲಿ?" ಎಂದೆ.

"ಎರಡನ್ನೂ ಇದಕ್ಕೇ ಸುರಿದಿದ್ದೇವೆ ಅಕ್ಕ," ಎಂದಳು ಲೀಲಾ. "ಇವಳಿಗೆ ಹೊಸದು, ನನಗೆ ಹಳತು ಅಂತಾದ್ರೆ? ಒಂದು ಹಲಸಿನ ಹಣ್ಣು ಕೊಯ್ದರೂ ಪಾಲು ಮಾಡಿ ತಿನ್ನುವವರು ನಾವು. ಮದ್ದಲ್ಲಿ ಮೋಸ ಮಾಡ್ಲಿಕ್ಕುಂಟಾ?"

"ನಿನಗೆ ಹಳತೇ ಸಿಕ್ಕಿರುದು, ಮುಖ ನೋಡಿದ್ರೇ ಗೊತ್ತಾಗ್ತದೆ," ಎಂದು ಐಸಮ್ಮ ನಕ್ಕಳು.

ನನಗೆ ನಗು ಬರಲಿಲ್ಲ. ಉಳಿದ ಮಾತ್ರೆಗಳ ಲೆಕ್ಕ ಸರಿಯಾಗಿಯೇ ಇತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಕೊನೆಯಲ್ಲಿ ಹುಣ್ಣು ಕಂಡರೂ ಕಾಣದಿದ್ದರೂ ಅದು ಯಾವ ಮಾತ್ರೆಯಿಂದ ಎಂದು ಹೇಳುವುದು ಹೇಗೆ? ಇದನ್ನು ಬಿಡಿಸಿ ಹೇಳಿದಾಗ ಐಸಮ್ಮನ ಮುಖ ಸಣ್ಣದಾಯಿತು.

"ಡಾಕ್ಟ್ರಿಗೆ ಹೇಳಿದ್ರೆ ನನ್ನನ್ನು ಟ್ರಯಲಿಂದ ತೆಗೀತಾರಾ ಅಕ್ಕ?"

"ಗೊತ್ತಿಲ್ಲ. ಆದ್ರೆ ಹೇಳದೆ ಇರ್ಲಿಕ್ಕೆ ನನ್ನಿಂದ ಆಗುದಿಲ್ಲ."

ಅವರ ಎದುರಿಗೇ ಫೋನು ಮಾಡಿದೆ. ಡಾಕ್ಟರು ಪೂರ್ತಿ ಕೇಳಿಸಿಕೊಂಡರು. "ಯಾರನ್ನೂ ತೆಗೆಯುವುದು ಬೇಡ. ಬೇರೆ ಬಾಟಲಿ ಕೊಡುವ, ಆದದ್ದನ್ನು ಆದ ಹಾಗೇ ಬರೆದಿಡುವ," ಎಂದರು. ಆಮೇಲೆ ಸೇರಿಸಿದರು: "ಉಳಿದವರೂ ಹೀಗೇ ಪಾಲು ಮಾಡಿರಬಹುದು. ಟ್ರಯಲಿನವರನ್ನೆಲ್ಲ ಬೆಳ್ತಂಗಡಿಗೆ ಕರೆದು ಸಭೆ ಮಾಡುವ, ಅಲ್ಲಿ ನೀವೇ ತುಳುವಿನಲ್ಲಿ ಹೇಳಿ."

ಹೇಳಬೇಕಾದದ್ದನ್ನೆಲ್ಲ ಆ ರಾತ್ರಿಯೇ ಚೀಟಿಯಲ್ಲಿ ಬರೆದುಕೊಂಡೆ.

ಸಭೆಯಲ್ಲಿ ಎದ್ದು ನಿಂತೆ. ಚೀಟಿಯನ್ನು ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ. ಮೊದಲ ಸಾಲಿನಿಂದ ಐಸಮ್ಮ, "ನಮ್ಮ ಡಬ್ಬಿ ಕತೆ ಹೇಳಿ ಅಕ್ಕ, ನಮಗೆಂತ ನಾಚಿಕೆ ಇಲ್ಲ!" ಎಂದಳು. ಎಲ್ಲರೂ ನಕ್ಕರು. ಆ ನಗೆಯ ನಡುವೆ ನಾನು ಮಾತು ಶುರು ಮಾಡಿದೆ.

"ಎರಡು ಮನೆಯ ಸಾರನ್ನು ಒಂದೇ ಪಾತ್ರೆಗೆ ಸುರಿದ್ರೆ ಯಾರದ್ದಕ್ಕೆ ಉಪ್ಪು ಹೆಚ್ಚು ಅಂತ ಹೇಗೆ ಹೇಳುದು? ಹೊಸತೇ ಒಳ್ಳೇದು ಅಂತ ಡಾಕ್ಟ್ರಿಗೂ ಗೊತ್ತಿಲ್ಲ. ಗೊತ್ತಿದ್ರೆ ಈ ಪರೀಕ್ಷೆಯೇ ಬೇಡ ಇತ್ತು."

ಮಡಂತ್ಯಾರಿನ ಹಿರಿಯರೊಬ್ಬರು ತಲೆ ಕೆರೆದುಕೊಳ್ಳುತ್ತ ಎದ್ದರು. "ನಮ್ಮಲ್ಲಿ ಗಂಡ ಹೆಂಡತಿಯದ್ದೂ ಒಂದೇ ಡಬ್ಬಿ," ಎಂದರು.

ಕೊನೆಯ ಎಂಡೋಸ್ಕೋಪಿಯಲ್ಲಿ ಐಸಮ್ಮನ ಹೊಟ್ಟೆಯಲ್ಲಿ ಹುಣ್ಣು ಇರಲಿಲ್ಲ. ಟ್ರಯಲ್ ಮುಗಿದಾಗ ಹೊಸ ಮಾತ್ರೆ ಹಳೆಯದಕ್ಕಿಂತ ಮೇಲು ಎಂದು ಕಾಣಲಿಲ್ಲ.

"ಇಷ್ಟೆಲ್ಲ ಮಾಡಿದ್ದು ಇದಕ್ಕಾ?" ಎಂದಳು ಲೀಲಾ.

ಇದಕ್ಕೇ. ನಾವು ಬಯಸಿದ ಉತ್ತರ ಬಾರದಿದ್ದರೂ ಬಂದ ಉತ್ತರವನ್ನು ಕೆಡಿಸಬಾರದು ಎಂದು ಆ ಕೆಲಸ ನನಗೆ ಕಲಿಸಿತು. ಐಸಮ್ಮ ಈಗಲೂ ಬೀಡಿ ಕಟ್ಟುತ್ತಾಳೆ, ಹೊಸದಕ್ಕೆ ಕಡಿಮೆಯಲ್ಲ ಎಂದು ತಿಳಿದ ಹಳೆಯ ಮಾತ್ರೆಯನ್ನೇ ನುಂಗುತ್ತಾಳೆ, ಭಯವಿಲ್ಲದೆ. ಆ ಧೈರ್ಯದಲ್ಲಿ ನಿಮ್ಮ ಅಜ್ಜಿಯ ಪಾಲೂ ಸ್ವಲ್ಪ ಉಂಟು.