ಲಾಡಿ ಕತ್ತರಿಸಿದ ಕುಂಚಿಗೆ

ಮೊಮ್ಮಗಳಿಗೆಂದು ಮೆತ್ತನೆಯ ಬಟ್ಟೆ ಹುಡುಕುತ್ತ ಟ್ರಂಕಿನ ತಳಕ್ಕೆ ಕೈ ಹಾಕಿದೆ. ಮೊದಲು ಬಂದದ್ದು ಬಜೆಯ ವಾಸನೆ. ಅದರ ಹಿಂದೆಯೇ ತುಸು ತಂಬಾಕಿನ ಘಾಟು. ಇಷ್ಟು ವರ್ಷ ಚಿಕ್ಕೋಡಿಯಲ್ಲಿ ಸಂಸಾರ ಮಾಡಿದರೂ ನನ್ನ ಟ್ರಂಕನ್ನು ಬಿಟ್ಟುಹೋಗದ ನಿಪ್ಪಾಣಿಯ ಘಾಟು. ಮಡಿಕೆ ಬಿಡಿಸುವ ಮೊದಲೇ ಗೊತ್ತಾಯಿತು, ಇದು ಕಾಕು ಹೊಲಿದ ಕುಂಚಿಗೆ...

ಕಾಕು ನಿಪ್ಪಾಣಿಯಲ್ಲಿ ನನ್ನ ತವರಿನ ಎದುರು ಮನೆಯವರು; ಚಿಕ್ಕಮ್ಮನನ್ನು ಕರೆಯುವಂತೆ ಎಲ್ಲರೂ ಕಾಕು ಎನ್ನುತ್ತಿದ್ದರು. ಜೈನರ ಮನೆ, ತಂಬಾಕಿನ ವ್ಯಾಪಾರ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ, ಸೂಜಿಯನ್ನು ತುರುಬಿಗೆ ಚುಚ್ಚಿಕೊಂಡು, ಸೊಂಟಕ್ಕೆ ಸಣ್ಣ ಕತ್ತರಿ ಸಿಕ್ಕಿಸಿಕೊಂಡು ನಮ್ಮ ಕಟ್ಟೆಗೆ ಬಂದು ಕೂಡುತ್ತಿದ್ದರು. ನಾನು ಚೊಚ್ಚಲ ಬಾಣಂತನಕ್ಕೆ ಹೋದಾಗ ತಮ್ಮದೊಂದು ಇಳಕಲ್ ಸೀರೆಯನ್ನೇ ಕತ್ತರಿಸಿ ಈ ಕುಂಚಿಗೆ ಹೊಲಿಯುತ್ತಿದ್ದರು. ಬೇರೆ ಕುಂಚಿಗೆಗಳು ತಲೆ, ಬೆನ್ನು ಮುಚ್ಚಿದರೆ ಸಾಕು. ಕಾಕುವಿನದಕ್ಕೆ ಎದೆಯ ಮೇಲೂ ಎರಡು ಪದರು, ಬಿಗಿದು ಕಟ್ಟಲು ಲಾಡಿಗಳು. ಕೂಸಿನ ಬರಿ ಮೈ ಹೊರಗಿನವರ ಕಣ್ಣಿಗೆ ಬಿದ್ದರೆ ದೃಷ್ಟಿಯಾಗುತ್ತದೆ ಎನ್ನುವುದರಲ್ಲಿ ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ನನಗೋ ದೃಷ್ಟಿಗಿಂತ ಉಸಿರಿನದೇ ಭಯ. ಕಾನ್ವೆಂಟಿನ ಸಿಸ್ಟರುಗಳು ಕಸೂತಿ ಕಲಿಸಿದ್ದರು, ಮೆಲ್ಲಗೆ ಮಾತಾಡಲು ಕಲಿಸಿದ್ದರು. ಮಲಗಿದ ಕೂಸು ಹೇಗೆ ಉಸಿರಾಡುತ್ತದೆಂದು ಯಾರೂ ಹೇಳಿರಲಿಲ್ಲ. ಮಗಳು ಸರಸರನೆ ಉಸಿರಾಡುತ್ತಲೇ ಇದ್ದಕ್ಕಿದ್ದಂತೆ ನಿಲ್ಲಿಸಿಬಿಡುತ್ತಿದ್ದಳು. ಒಂದೆರಡು ಕ್ಷಣ... ಮತ್ತೆ ಸರಸರ.

"ಕಾಕು, ನೋಡ್ರಿ ಇಲ್ಲಿ, ನಿಂತ್ಹೋತು!"

"ಅಗಬಾಯಿ! ನಿಂತಿಲ್ಲ ಬೇ, ದಣಿವು ಆರಿಸ್ಕೊಳ್ಳಾಕತ್ತಾಳ. ಹಿಂಗ ಅಂಜಿದ್ರ ಆಕಿಗಿಂತ ಮೊದಲ ನೀನ ಉಸಿರು ಬಿಡ್ತಿ ನೋಡು!"

ಕೊನೆಗೆ ನನ್ನ ಸಮಾಧಾನಕ್ಕೆಂದು ಅವರೇ ಮಕ್ಕಳ ಡಾಕ್ಟರ ಬಳಿ ಕರೆದೊಯ್ದರು. ಡಾಕ್ಟರಮ್ಮ ಕೂಸಿನ ಅಂಗಿ ಸರಿಸಿ ಹೊಟ್ಟೆ ತೋರಿಸಿದರು. ಎಳೆಗೂಸು ಉಸಿರಾಡುವುದು ಹೊಟ್ಟೆಯಿಂದ, ನಮಗಿಂತ ಬೇಗ ಬೇಗ. ನಡುವೆ ತುಸು ತಡೆದು ಮತ್ತೆ ಶುರುವಾದರೆ, ಸೀನಿದರೆ, ಮೂಗು ಗೊರಗೊರ ಎಂದರೆ ಹೆದರಬೇಡಿ ಎಂದರು. ಆಮೇಲೆ ದನಿ ಬದಲಿಸಿ, "ಆದರೆ ಮಲಗಿದಾಗಲೂ ಏದುಸಿರು ಇಳೀದಿದ್ರೆ, ಮೂಗಿನ ಹೊಳ್ಳೆ ಅರಳಿದ್ರೆ, ಉಸಿರಿಗೊಮ್ಮೆ ನರಳಿದ್ರೆ, ಪಕ್ಕೆಲುಬಿನ ಕೆಳಗೆ ಒಳಗೆ ಜಗ್ಗಿದ್ರೆ, ತುಟಿ ನೀಲಿಯಾದ್ರೆ, ಉಸಿರು ಜಾಸ್ತಿ ಹೊತ್ತು ನಿಂತ್ರೆ ಒಂದು ಗಳಿಗೇನೂ ಕಾಯಬೇಡ್ರಿ," ಎಂದರು.

ಕಾಕು ದಾರಿಯುದ್ದಕ್ಕೂ ನಗೆಯಾಡಿದರು. "ಹೊಟ್ಟಿ ನೋಡ್ಕೊಂತ ಕುಂಡ್ರು ಅಂದಾರ ತಂಗಿ. ಇನ್ನ ರೊಟ್ಟಿ ನಿಮ್ಮವ್ವನ ಬಡೀಲಿ!"

ತೊಟ್ಟಿಲಿಗೆ ಹಾಕುವ ದಿನ ಬಂತು. ಹಿಂದಿನ ದಿನದಿಂದ ಮಗಳಿಗೆ ಸಣ್ಣಗೆ ನೆಗಡಿ. ಬೆಳಿಗ್ಗೆ ಸರಿಯಾಗಿ ಹಾಲೂ ಕುಡಿಯಲಿಲ್ಲ. ಮಂದಿಯ ಗದ್ದಲಕ್ಕೆ ಹಾಗಾಗಿರಬೇಕು ಎಂದಳು ಅವ್ವ. ಕಾಕು ತಾವೇ ಕುಂಚಿಗೆ ತೊಡಿಸಿ, ಲಾಡಿ ಬಿಗಿದು, ಗಲ್ಲಕ್ಕೆ ಕಾಡಿಗೆ ಬೊಟ್ಟಿಟ್ಟರು. ಕೂಸು ಮಡಿಲಿಂದ ಮಡಿಲಿಗೆ ಹೋಯಿತು. "ಎಷ್ಟ ಶಾಣ್ಯಾ ಕೂಸ್ರಿ, ಗಪ್ಪ ಐತಿ," ಎಂದರು ಭೋಜದಿಂದ ಬಂದಿದ್ದ ನಮ್ಮ ಸೋದರತ್ತೆ. ಎಲ್ಲರೂ ನೋಡಿದ್ದು ಕುಂಚಿಗೆಯ ಜರಿಯನ್ನು, ಅದರೊಳಗಿನ ಪುಟ್ಟ ಮುಖವನ್ನು.

ಕೂಸು ಮರಳಿ ಕಾಕುವಿನ ಮಡಿಲಿಗೆ ಬಂತು. ಜೋಗುಳ ಹಾಡುತ್ತಿದ್ದ ಕಾಕು ನಡುವೆಯೇ ನಿಲ್ಲಿಸಿದರು. ತಲೆ ಬಾಗಿಸಿ ಕೂಸಿನ ಬಾಯಿಗೆ ಕಿವಿಯಿಟ್ಟರು. ಲಾಡಿ ಎಳೆದರು. ಜೊಲ್ಲಿಗೆ ನೆನೆದ ಗಂಟು ಬಿಚ್ಚಲಿಲ್ಲ. ಸೊಂಟದ ಕತ್ತರಿ ತೆಗೆದು ಕಚಕ್ ಕಚಕ್ ಎಂದು ಲಾಡಿಗಳನ್ನು ಕತ್ತರಿಸಿಬಿಟ್ಟರು.

"ಅಯ್ಯ, ಮಂದಿ ಅದಾರ್ರೀ!" ಎಂದಳು ಅವ್ವ.

"ಇದ್ರ ಇರ್ಲಿ. ಬೆಳಕು ಬಿಡ್ರಿ, ಅತ್ತ ಸರೀರಿ!" ಕೂಸಿನ ಅಂಗಿ ಮೇಲೆತ್ತಿದರು. ಒಂದೊಂದು ಉಸಿರಿಗೂ ಪಕ್ಕೆಲುಬಿನ ಕೆಳಗೆ ಕುಳಿ ಬೀಳುತ್ತಿತ್ತು. "ತಂಗಿ, ಡಾಕ್ಟರ ಹೇಳಿದ್ದು ಇದ ಹೌದಲ್ಲ?"

ಹೌದೆಂದು ತಲೆಯಾಡಿಸಿದೆ.

ಕಿವಿಯಲ್ಲಿ ಹೆಸರು ಹೇಳುವ ಮೊದಲೇ ಹೊರಟೆವು. ಜೀಪಿನಲ್ಲಿ ಕಾಕು ಕೂಸಿನ ಎದೆಯಿಂದ ಕಣ್ಣು ಕೀಳಲಿಲ್ಲ. ಯಾರೋ ಸೆರಗು ಮುಚ್ಚಲು ಹೋದರೆ ಕೈ ತಳ್ಳಿದರು. ಎದೆಗೆ ಸೋಂಕು ಇಳಿದಿತ್ತು. ಆಕ್ಸಿಜನ್ ಹಚ್ಚಿ, "ಇನ್ನಷ್ಟು ತಡವಾಗಿದ್ರೆ ಕೂಸು ಉಸಿರೆಳೆದೂ ಎಳೆದೂ ಸೋತುಬಿಡ್ತಿತ್ತು," ಎಂದರು ಡಾಕ್ಟರಮ್ಮ. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕಾಕು ಊಟವಿಲ್ಲದೆ ಕೂತಿದ್ದರು... ಹೊತ್ತು ಮುಳುಗಿಯೇ ಹೋಗಿತ್ತು.

ಮಗಳು ಹುಷಾರಾಗಿ ಮನೆಗೆ ಬಂದ ಮೇಲೆ ಕುಂಚಿಗೆಗೆ ಹೊಸ ಲಾಡಿ ಹಚ್ಚುತ್ತೇನೆ ಎಂದೆ. "ಬ್ಯಾಡ ಬೇ, ಹಂಗ ಇರ್ಲಿ," ಎಂದರು.

ಎಷ್ಟೋ ವರ್ಷಗಳ ಮೇಲೆ ಅವರಿಗೇ ದಮ್ಮು ಹತ್ತಿತು. ನೋಡಲು ಹೋದಾಗ, ದಿಂಬಿಗೊರಗಿ ಕೂತಿದ್ದ ಅವರ ಗಂಟಲ ಕುಳಿಯ ಮೇಲೆಯೇ ನನ್ನ ಕಣ್ಣು. "ಏನ ನೋಡ್ತಿ ಬೇ? ನಾ ಏನ ಕೂಸ?" ಎಂದು ನಕ್ಕರು. ನಗು ಕೆಮ್ಮಾಯಿತು... ಮುಂದಿನ ಸಲ ನಿಪ್ಪಾಣಿಗೆ ಹೋದಾಗ ಕಾಕು ಇರಲಿಲ್ಲ, ಅವರು ಕೂಡುತ್ತಿದ್ದ ನಮ್ಮ ಕಟ್ಟೆ ಖಾಲಿಯಿತ್ತು.

"ಅವ್ವಾ, ಲಗೂ ಬಾ! ನಿಂತ್ಹೋತು!"

ಒಳಗಿನಿಂದ ಮಗಳು ಕೂಗಿದಳು. ಅಂದು ಜೀಪಿನಲ್ಲಿ ಹೋದ ಅದೇ ಕೂಸು, ಈಗ ಬಾಣಂತಿ. ಕುಂಚಿಗೆ ಹಿಡಿದೇ ಓಡಿದೆ. ಮೊಮ್ಮಗಳ ತುಟಿ ಕೆಂಪಗಿತ್ತು. ಪಕ್ಕೆ ಜಗ್ಗುತ್ತಿರಲಿಲ್ಲ. ಒಂದೆರಡು ಕ್ಷಣ... ಹೊಟ್ಟೆ ಮತ್ತೆ ಸರಸರ ಏರಿಳಿಯಿತು.

"ನಿಂತಿಲ್ಲ ಬೇ, ದಣಿವು ಆರಿಸ್ಕೊಳ್ಳಾಕತ್ತಾಳ," ಎಂದೆ. ಮಾತು ಬಂತು, ಅವರ ಹಾಗೆ ನಗುವುದು ಬರಲಿಲ್ಲ. ಕುಂಚಿಗೆ ತೊಡಿಸಿದೆ. ಎದೆಯ ಪದರುಗಳನ್ನು ಕಾಕು ಬಿಟ್ಟಂತೆಯೇ ತೆರೆದುಬಿಟ್ಟೆ.