ತಮ್ಮನಿಗೆ ಸಿಕ್ಕ ಪ್ರಸಾದ

ನನ್ನ ತಮ್ಮ ಕಡಕೊಳದ ಕಾರ್ಖಾನೆಯೊಂದರ ವ್ಯಾನ್ ಓಡಿಸುತ್ತಿದ್ದ. ಒಂದು ಸಂಜೆ ಕುಡಿದ ಅಮಲಿನಲ್ಲಿ, ನಂಜನಗೂಡು ರಸ್ತೆಯಲ್ಲಿ ಬಸ್ಸಿಗಾಗಿ ಕಾಯುತ್ತಿದ್ದ, ಕಡಕೊಳದವಳೇ ಆದ ಹೆಂಗಸೊಬ್ಬಳ ಮೇಲೆ ವ್ಯಾನ್ ಹರಿಸಿಬಿಟ್ಟ. ಆಕೆ ಅಲ್ಲೇ ತೀರಿಕೊಂಡಳು. ಆಕೆಗೊಬ್ಬಳು ಪುಟ್ಟ ಮಗಳಿದ್ದಳು. ವಕೀಲರ ಮಾತು ಕೇಳದೆ ತಮ್ಮ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ.

ಜೈಲಿನಿಂದ ಬಂದ ಮೇಲೆ ಬೋಗಾದಿಯ ನಮ್ಮ ಬಾಡಿಗೆ ಮನೆಯಲ್ಲಿ ಅಮ್ಮ ಮತ್ತು ನನ್ನ ಜೊತೆಗೇ ಉಳಿದ. ಮತ್ತೆಂದೂ ಕುಡಿಯಲಿಲ್ಲ, ಗಾಡಿ ಮುಟ್ಟಲಿಲ್ಲ. ಹೊಸ ಲೇಔಟಿನಲ್ಲಿ ಏಳುತ್ತಿದ್ದ ಮನೆಗಳ ಗೋಡೆಗೆ ನೀರು ಹಾಕುವ ಕೆಲಸ ಹಿಡಿದ. ಭಾನುವಾರ ಅಮ್ಮನ ಕೈಹಿಡಿದು ಚರ್ಚಿನ ಬಾಗಿಲವರೆಗೂ ಕರೆತಂದು ಬಿಡುತ್ತಿದ್ದ. ತಾನು ಮಾತ್ರ ಪೂಜೆ ಮುಗಿಯುವ ತನಕ ಹೊರಗೆ, ಚಪ್ಪಲಿಗಳ ಪಕ್ಕ ನಿಂತಿರುತ್ತಿದ್ದ.

"ಒಳಕ್ಕೆ ಬಾರೋ," ಎಂದು ಅಮ್ಮ ಕರೆಯುತ್ತಲೇ ಇದ್ದಳು. "ಪಕ್ಕದ ಶಿಲುಬೇಲಿದ್ದ ಕಳ್ಳನ್ನೇ ಯೇಸು ತನ್ನ ಜೊತೇಲಿ ಸ್ವರ್ಗಕ್ಕೆ ಕರ್ಕೊಂಡೋದ ಕಣೋ."

"ಆ ಕಳ್ಳ ಯಾವ ಮಗೂನೂ ತಬ್ಬಲಿ ಮಾಡಿರ್ಲಿಲ್ಲ ಬುಡಮ್ಮ."

ಅಮ್ಮ ಸೆರಗು ಸರಿಮಾಡಿಕೊಂಡು ನನ್ನ ಜೊತೆ ಒಳಗೆ ಹೋಗುತ್ತಿದ್ದಳು.

ಹಳೆಯ ಕುಡಿತ ಅವನ ಲಿವರನ್ನು ತಿಂದುಹಾಕಿತ್ತು. ಡಾಕ್ಟರು ಕೈಚೆಲ್ಲಿದಾಗ ಅಮ್ಮ ಫಾದರನ್ನು ಆಸ್ಪತ್ರೆಗೆ ಕರೆಸಿದಳು. ವಯಸ್ಸಾದವರು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ಅವರು ಕೂರುವ ಮೊದಲೇ ತಮ್ಮ ಕೇಳಿದ:

"ಫಾದರ್, ಆಯಮ್ಮನ ಮನೆಯವ್ರು ನನ್ನ ಕ್ಷಮಿಸಿಲ್ಲ. ಅವರನ್ನ ಒಂದು ಮಾತೂ ಕೇಳ್ದೆ ದೇವರು ಕ್ಷಮಿಸ್ಬುಟ್ರೆ ಆ ಮಗೂಗೆ ಅನ್ಯಾಯ ಆಗಲ್ವಾ?"

ಫಾದರ್ ಕುರ್ಚಿಯನ್ನು ಹಾಸಿಗೆಯ ಹತ್ತಿರಕ್ಕೆ ಎಳೆದುಕೊಂಡು ಕೂತರು. ಆಮೇಲೆ ಅವನ ಊದಿದ ಕಾಲಿನ ಮೇಲೆ ಕೈಯಿಟ್ಟು ಹೇಳಿದರು: "ಆ ಮಗುವಿನ ಕಣ್ಣೀರನ್ನ ದೇವರು ಮರೆಯೋದಿಲ್ಲಪ್ಪ. ನೀನು ಮಾಡಿದ್ದು ಸಣ್ಣದು ಅಂತ ನಾನೂ ಹೇಳಲ್ಲ. ಆದರೆ ನಿನ್ನನ್ನ ದೂರ ಮಾಡೋದು ಆತನ ಕೈಲಿ ಆಗಲ್ಲ. ಅದಕ್ಕೇ ಅಲ್ವಾ ಆತ ಶಿಲುಬೆಗೆ ಹೋಗಿದ್ದು?"

ಅವನು ಫಾದರ್ ಒಬ್ಬರೆದುರೇ ಪಾಪನಿವೇದನೆ ಮಾಡಲೆಂದು ನಾವು ಹೊರಗೆ ಬಂದೆವು. ಮತ್ತೆ ಒಳಗೆ ಕರೆದಾಗ ತಮ್ಮನ ಮುಖವೆಲ್ಲ ಒದ್ದೆಯಾಗಿತ್ತು. ಫಾದರ್ ಪರಮಪ್ರಸಾದದ ತೆಳು ರೊಟ್ಟಿಯ ಚೂರೊಂದನ್ನು ಅವನ ನಾಲಿಗೆಯ ಮೇಲಿಟ್ಟರು. ಅಮ್ಮ ಚಮಚದಲ್ಲಿ ನೀರು ಕುಡಿಸಿದಳು.

"ಅಕ್ಕ, ನಂಗೂ ಕೊಟ್ಬುಟ್ರು ಕಣಕ್ಕ," ಎಂದ, ನಂಬಲಾಗದವನಂತೆ. ಮರುದಿನ ಮಧ್ಯಾಹ್ನ ಹೋಗಿಬಿಟ್ಟ.

ಮಣ್ಣು ಮಾಡಿದ ಮೇಲೆ ಅಮ್ಮ ಕಡಕೊಳಕ್ಕೆ ಹೋಗಲೇಬೇಕೆಂದು ಹಟ ಹಿಡಿದಳು. ಆ ಹೆಂಗಸಿನ ಗಂಡ ಬಾಗಿಲಲ್ಲೇ ನಿಂತು, ಕೋರ್ಟಿನಲ್ಲಿ ನೋಡಿದ್ದ ನಮ್ಮನ್ನು ಗುರುತಿಸಿದರು. ಅವರ ಹಿಂದೆ ಮಗಳು, ಈಗ ಎತ್ತರಕ್ಕೆ ಬೆಳೆದಿದ್ದಳು.

"ಅವನು ತೀರ್ಕೊಂಡ ಸ್ವಾಮಿ," ಎಂದಳು ಅಮ್ಮ. "ಕ್ಷಮಿಸಿ ಅಂತ ಕೇಳಕ್ಕೆ ಬಂದಿಲ್ಲ. ಸಾಯೋಗಂಟ ನಿಮ್ಮನೇವ್ರನ್ನ ಮರೀಲಿಲ್ಲ. ಅಷ್ಟು ಹೇಳೋಣ ಅಂತ ಬಂದೆ."

"ನನ್ನ ಕೈಲಿ ಆಗಲ್ಲ ಕಣಮ್ಮ," ಎಂದರು ಅವರು ಮೆಲ್ಲಗೆ. "ಹೋಗಿ ಬನ್ನಿ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅಮ್ಮ ಕೈಮುಗಿದಳು. ಬಸ್ಸಿನಲ್ಲಿ ಕೂತ ಮೇಲೆ, ಮಗ ಸತ್ತಾಗ ಅಳದಿದ್ದವಳು ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ದೇವರು ನನ್ನ ತಮ್ಮನನ್ನು ಸೇರಿಸಿಕೊಂಡಿದ್ದಾನೆಂದು ನಂಬಿದ್ದೇನೆ. ಅದಕ್ಕೆ ಕೃತಜ್ಞತೆ ಹೇಳಲು ಮಂಡಿಯೂರುತ್ತೇನೆ. ಆ ಹುಡುಗಿಯ ಮುಖ ಕಣ್ಣೆದುರು ಬಂದು ಪ್ರಾರ್ಥನೆ ಅರ್ಧಕ್ಕೇ ನಿಂತುಹೋಗುತ್ತದೆ.